ಕೂಲಿ ಬಾಕಿಯ ತಕರಾರು: ಕಣದಲ್ಲಿಯೇ ಲೆಕ್ಕ ಮುಗಿಸುವ ಬಗೆ

ರೊಬಸ್ಟಾ ಕೊಯ್ಲು ಮುಗಿದು, ಅಡಿಕೆ ಸುಲಿದು ಒಣಗಿಸಿ ಆದ ಮೇಲೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಗೊಬ್ಬರದ ವಿಚಾರಕ್ಕೂ ಸಾಲದ ವಿಚಾರಕ್ಕೂ ಬಂದವರಾಗಿರುವುದಿಲ್ಲ. ಅವರ ಪ್ರಶ್ನೆ ಒಂದೇ: "ಆಳು ಲೇಬರ್ ಆಫೀಸಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ, ಈಗೇನು ಮಾಡುವುದು?" ವಿಚಾರಿಸಿದರೆ ಮೂರು ನಾಲ್ಕು ವಾರದ ಕೂಲಿ ನಿಂತಿರುತ್ತದೆ. ಮಾಲೀಕರು ಕೊಡುವುದಿಲ್ಲವೆಂದು ಹೇಳಿದವರಲ್ಲ, ಲೆಕ್ಕ ಸರಿಹೋಗಲಿ ಎಂದು ಕಾದವರು. ಆಳು ಸುಳ್ಳು ಹೇಳಿದವನಲ್ಲ, ಅವನ ಲೆಕ್ಕ ಬೇರೆ. ನಡುವೆ ಮಾತು ಬೆಳೆದು, ಹತ್ತು ವರ್ಷ ಒಂದೇ ತೋಟಕ್ಕೆ ಬರುತ್ತಿದ್ದ ಕುಟುಂಬ ಮರುವರ್ಷ ಪಕ್ಕದ ತೋಟಕ್ಕೆ ಹೋಗುತ್ತದೆ. ಆಳಿನ ಅಭಾವದ ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಸಣ್ಣ ಬೆಳೆಗಾರನಿಗೆ ಬೇರೆ ಇಲ್ಲ.

ಇದೀಗ ಇನ್ನೊಂದು ಕಾರಣಕ್ಕೂ ಈ ವಿಷಯವನ್ನು ಬರೆಯಬೇಕಾಗಿದೆ. 1936ರ ವೇತನ ಪಾವತಿ ಕಾಯಿದೆ, 1948ರ ಕನಿಷ್ಠ ವೇತನ ಕಾಯಿದೆ, 1965ರ ಬೋನಸ್ ಕಾಯಿದೆ, 1976ರ ಸಮಾನ ವೇತನ ಕಾಯಿದೆ, ಈ ನಾಲ್ಕನ್ನೂ ಒಟ್ಟುಗೂಡಿಸಿ 2019ರಲ್ಲಿ ವೇತನ ಸಂಹಿತೆ ಎಂಬ ಹೊಸ ಕಾನೂನನ್ನು ಸಂಸತ್ತು ಮಾಡಿತಷ್ಟೆ. ಅದು ಆರು ವರ್ಷ ಕಾಗದದಲ್ಲಿಯೇ ಉಳಿದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯಿದೆಯನ್ನು ಅರೆಬರೆ ತಿಳಿದವರು ಈಗಲೂ ಅದರಂತೆ ಸಲಹೆ ಕೊಡುತ್ತಿದ್ದಾರೆ.

ಮೊದಲು, ಬಾಕಿ ಏಕೆ ಬೀಳುತ್ತದೆ ಎಂಬುದನ್ನು ನೋಡೋಣ. ನಮ್ಮ ಹಣ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಬರುವಂಥದು. ಕೊಯ್ಲಿನ ಖರ್ಚು ಬೀಳುವುದು ಡಿಸೆಂಬರಿನಿಂದ ಮಾರ್ಚಿಯವರೆಗೆ, ಕಾಫಿ ಮಾರುವುದು ಅದರ ನಂತರ, ಅದೂ ಧಾರಣೆ ನೋಡಿಕೊಂಡು. ಪೂಲ್ ಪದ್ಧತಿಯಿದ್ದ ದಿನಗಳಲ್ಲಿ ನಮ್ಮ ಹಿರಿಯರು ಕಾಫಿ ಮಂಡಳಿಗೆ ಬೆಳೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ದಿನ ಎಣಿಸುತ್ತಿದ್ದರು. ಆದರೂ ಅವರ ಮನೆಯಲ್ಲಿ ಕಣಜವಿತ್ತು, ಅಂಗಡಿಯಲ್ಲಿ ಖಾತೆಯಿತ್ತು. ಆಳಿನ ಮನೆಯಲ್ಲಿ ಇವೆರಡೂ ಇಲ್ಲ. ಸಂತೆಯ ದಿನ ಬಟವಾಡೆ ಆಗದಿದ್ದರೆ ಆ ವಾರ ಅಕ್ಕಿ ಬೇಳೆ ಸಾಲದಲ್ಲಿ ಬರಬೇಕು, ಆ ಸಾಲಕ್ಕೆ ಅಂಗಡಿಯವನು ಹೇಳಿದ್ದೇ ದರ. ಧಾರಣೆ ಏರಲಿ ಎಂದು ನಾವು ಮೂಟೆ ಇಟ್ಟುಕೊಂಡು ಕಾಯುವುದು ವ್ಯಾಪಾರ. ಆ ಕಾಯುವಿಕೆಯ ಖರ್ಚನ್ನು ಆಳಿನ ಕೂಲಿಯಿಂದ ತೆಗೆಯುವುದು ನ್ಯಾಯವಲ್ಲ.

ಕಾನೂನು ಹೇಳುವ ಗಡುವು ಸರಳವಾಗಿದೆ. ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದಾಗ, ವಾರದ ಲೆಕ್ಕವಾದರೆ ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ, ಹದಿನೈದು ದಿನದ ಲೆಕ್ಕವಾದರೆ ಅದು ಮುಗಿದ ಎರಡು ದಿನದೊಳಗೆ, ತಿಂಗಳ ಲೆಕ್ಕವಾದರೆ ಮುಂದಿನ ತಿಂಗಳ ಏಳನೆಯ ತಾರೀಕಿನೊಳಗೆ. ತಿಂಗಳಿಗಿಂತ ಉದ್ದದ ಲೆಕ್ಕ ಕೂಡದು. "ಕೊಯ್ಲು ಮುಗಿದ ಮೇಲೆ ಒಟ್ಟಿಗೆ" ಎಂಬ ಒಪ್ಪಂದಕ್ಕೆ ಆಳೇ ಒಪ್ಪಿದ್ದರೂ ಕಾನೂನಿನ ಎದುರು ಅದು ನಿಲ್ಲುವುದಿಲ್ಲ. ಕೆಲಸ ಬಿಟ್ಟು ಹೋಗುವವನಿಗೆ, ನಾವು ಬಿಡಿಸಿದವನಿಗೆ, ಎರಡು ಕೆಲಸದ ದಿನಗಳೊಳಗೆ ಪೂರ್ತಿ ಚುಕ್ತಾ ಆಗಬೇಕು. ಈ ಕೊನೆಯ ಮಾತನ್ನು ಬಹಳ ಜನ ಗಮನಿಸುವುದಿಲ್ಲ. "ಹೇಳದೆ ಕೇಳದೆ ಬಿಟ್ಟು ಹೋದ, ಬಂದು ಕೇಳಲಿ" ಎನ್ನುತ್ತಾರೆ. ಅವನು ಬಿಟ್ಟದ್ದು ತಪ್ಪೇ ಇರಬಹುದು, ದುಡಿದ ದಿನದ ಕೂಲಿ ಅದರಿಂದ ವಜಾ ಆಗುವುದಿಲ್ಲ.

"ನಮ್ಮದು ಏಳೆಂಟು ಎಕರೆ, ಲೇಬರ್ ಕಾನೂನು ನಮಗೆ ತಾಗುವುದಿಲ್ಲ" ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಇದರ ಮೂಲ ಎಲ್ಲಿದೆಯೆಂದರೆ, 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಮೊದಲಿಗೆ 25 ಎಕರೆ ಮತ್ತು 30 ಆಳು ಇದ್ದ ತೋಟಗಳಿಗಷ್ಟೇ ಅನ್ವಯಿಸುತ್ತಿತ್ತು, 1981ರ ತಿದ್ದುಪಡಿಯಲ್ಲಿ ಅದು 5 ಹೆಕ್ಟೇರು ಮತ್ತು 15 ಆಳಿಗೆ ಇಳಿಯಿತು. ಆದರೆ ಆ ಕಾಯಿದೆಯ ಮುಖ್ಯ ಹೊಣೆಗಳು ಲೈನ್ ಮನೆ, ಆಸ್ಪತ್ರೆ, ಶಿಶುವಿಹಾರ ಇಂಥವು. ಅಡಿಕೆ ಅದರ ಪಟ್ಟಿಯಲ್ಲಿ ಇರಲೂ ಇಲ್ಲ. ಕೂಲಿಯ ಕಾನೂನಿಗೆ ಎಕರೆಯ ಗೆರೆಯಿಲ್ಲ. ಒಬ್ಬನೇ ಆಳನ್ನು ಕರೆದರೂ ಕೊಡಬೇಕಾದ್ದನ್ನು ಕೊಡಲೇಬೇಕು.

ಸಣ್ಣವರಿಗೆ ಒಂದು ರಿಯಾಯಿತಿ ಇದೆ, ಅದನ್ನು ಸರಿಯಾಗಿ ತಿಳಿಯಬೇಕು. ಕೃಷಿ ಕೆಲಸಕ್ಕೆ ಐದಕ್ಕಿಂತ ಹೆಚ್ಚು ಆಳು ಇಟ್ಟುಕೊಳ್ಳದವರು ಹಾಜರಿ ರಿಜಿಸ್ಟರು, ವೇತನ ಚೀಟಿ ಮುಂತಾದುವನ್ನು ಕಾನೂನಿನ ನಮೂನೆಯಲ್ಲಿ ಇಡಬೇಕಾಗಿಲ್ಲ. ಆದರೆ ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ನಂಬತಕ್ಕ ಪುರಾವೆಯನ್ನು ತೋರಿಸಬೇಕು. ಇದರ ಜೊತೆಗೆ ಇನ್ನೊಂದು ಕಲಮನ್ನು ಓದಿಕೊಳ್ಳಿ: ಕೂಲಿ ಕೊಟ್ಟಿಲ್ಲ ಅಥವಾ ಕಡಿಮೆ ಕೊಟ್ಟಿದ್ದಾರೆ ಎಂದು ಆಳು ಅರ್ಜಿ ಹಾಕಿದರೆ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಅವನು ದುಡಿದ ದಿನಗಳನ್ನು ಬಾಯಲ್ಲಿ ಹೇಳಿದರೆ ಸಾಕು, ನಮ್ಮ ಕೈಯಲ್ಲಿ ಕಾಗದವಿರಬೇಕು. ಆದ್ದರಿಂದ ಐದೇ ಆಳಿದ್ದರೂ ಒಂದು ಪುಸ್ತಕ ಇಟ್ಟುಕೊಳ್ಳುವುದು ನಮ್ಮ ಹಿತಕ್ಕೇ. ಅದೇನು ದೊಡ್ಡ ಕೆಲಸವಲ್ಲ. ನೂರು ಪುಟದ ನೋಟ್‌ಬುಕ್ಕು, ತಾರೀಕು, ಹೆಸರು, ಪೂರ್ತಿ ದಿನವೊ ಅರ್ಧ ದಿನವೊ, ಕೊಯ್ದ ತೂಕ, ಕೊಟ್ಟ ಹಣ, ಎದುರಿಗೆ ರುಜು ಅಥವಾ ಹೆಬ್ಬೆಟ್ಟು.

ತಕರಾರು ಹುಟ್ಟುವ ಜಾಗಗಳು ಎಣಿಸಿದಷ್ಟೇ ಇವೆ. ನೂರಕ್ಕೆ ನೂರು ತಕರಾರು ಹಾಜರಿ, ತೂಕ, ಮುಂಗಡ, ಮೇಸ್ತ್ರಿ ಈ ನಾಲ್ಕರೊಳಗೆ ಬರುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಹಾಜರಿಯಲ್ಲಿ ಮುಖ್ಯವಾಗಿ ಮಳೆಯ ದಿನ. ಬೆಳಿಗ್ಗೆ ಆಳು ಬಂದಾಯಿತು, ಹನ್ನೊಂದಕ್ಕೆ ಮಳೆ ಹಿಡಿಯಿತು, ಕಳುಹಿಸಿಬಿಟ್ಟೆವು. ಅರ್ಧ ದಿನ ಬರೆಯಬೇಕೆ, ಪೂರ್ತಿಯೆ? ಕೆಲಸಕ್ಕೆ ಸಿದ್ಧನಿದ್ದವನಿಗೆ ಮಾಲೀಕ ಕೆಲಸ ಕೊಡದೆ ಕಳುಹಿಸಿದರೆ ಆ ದಿನದ ಪೂರ್ತಿ ಕೂಲಿಗೆ ಅವನು ಹಕ್ಕುದಾರ, ತಾನೇ ಮನಸ್ಸಿಲ್ಲದೆ ಹೊರಟರೆ ಹಕ್ಕಿಲ್ಲ ಎಂಬುದು ಸಾಮಾನ್ಯ ಸೂತ್ರ, ನಿಯಮಗಳಲ್ಲಿ ಹೇಳಿದ ವಿನಾಯಿತಿಗಳು ಬೇರೆ. ಮಳೆ ಬಂದಾಗ ಕಣದಲ್ಲೋ ಗೋದಾಮಿನಲ್ಲೋ ಕೆಲಸ ಹೊಂದಿಸಿಟ್ಟುಕೊಂಡವರಿಗೆ ಈ ಜಗಳವಿಲ್ಲ. ಅಡಿಕೆ ತೋಟದಲ್ಲಿ ಇದೇ ಮಳೆ ಬೇರೆ ರೂಪದಲ್ಲಿ ಬರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆದು ಕೊನೆಗಾರ ಮರದಿಂದ ಇಳಿಯುವುದರೊಳಗೆ ಮಳೆ ಸುರಿದು ಮದ್ದು ತೊಳೆದುಹೋಯಿತು. ಮತ್ತೆ ಹೊಡೆಯಬೇಕು. ಮೊದಲಿನ ಹೊಡೆತಕ್ಕೆ ಕೂಲಿ ಇಲ್ಲವೆನ್ನುವವರಿದ್ದಾರೆ. ಮರ ಹತ್ತಿದವನು ಅವನು, ಜೀವ ಪಣಕ್ಕಿಟ್ಟವನು ಅವನು. ಮಳೆ ನೋಡಿ ದಿನ ಗೊತ್ತುಮಾಡಿದವರು ನಾವು. ಕೂಲಿ ಕೊಡಬೇಕಾದ್ದೇ.

ತೂಕದ್ದು ಇನ್ನೂ ಸೂಕ್ಷ್ಮ. ಹಣ್ಣು ಕೊಯ್ಲನ್ನು ಈಗ ಎಲ್ಲರೂ ಕೆ.ಜಿ. ಲೆಕ್ಕಕ್ಕೆ ಕೊಡುತ್ತಾರೆ, ಅಡಿಕೆ ಸುಲಿಯುವುದೂ ಹಾಗೆಯೇ. ಚೀಲದ ತೂಕ, ಎಲೆ ಕಸ, ನೀರಿನಂಶ ಎಂದು ಪ್ರತಿ ಚೀಲಕ್ಕೆ ಒಂದೆರಡು ಕೆ.ಜಿ. ಕಳೆಯುವ ರೂಢಿ ಕೆಲವು ಕಡೆ ಇದೆ. ಖಾಲಿ ಚೀಲವನ್ನು ತಕ್ಕಡಿಗೆ ಹಾಕಿ ನಿಜವಾದ ತೂಕ ಕಳೆದರೆ ಯಾರೂ ಮಾತಾಡುವುದಿಲ್ಲ. ಅಂದಾಜಿನ ಕಡಿತವನ್ನು ಮಾತ್ರ ಆಳು ದಿನವೂ ಮನಸ್ಸಿನಲ್ಲಿ ಕೂಡಿಸಿಡುತ್ತಾನೆ, ಕೊನೆಯ ಬಟವಾಡೆಯ ದಿನ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಾನೆ. ತೂಕ ಮಾಡುವಾಗ ಕೊಯ್ದವರ ಎದುರೇ ಮಾಡಿ, ಆಗಲೇ ಅವರ ಚೀಟಿಯಲ್ಲೂ ನಮ್ಮ ಪುಸ್ತಕದಲ್ಲೂ ಒಂದೇ ಅಂಕಿ ಬರೆಯಬೇಕು. ಇನ್ನೊಂದು ಮಾತು: ತೂಕದ ಲೆಕ್ಕಕ್ಕೆ ಕೊಟ್ಟರೂ ದಿನದ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು. ಕೆ.ಜಿ.ಗೆ ಪ್ರತ್ಯೇಕ ಕನಿಷ್ಠ ದರ ನಿಗದಿಯಾಗದ ಕೆಲಸಕ್ಕೆ ದಿನದ ದರವೇ ಅಳತೆ. ಹಣ್ಣು ತೆಳ್ಳಗಿರುವ ಮೊದಲ ಸುತ್ತಿನಲ್ಲೂ, ಉದುರು ಹೆಕ್ಕುವ ಕೊನೆಯ ಸುತ್ತಿನಲ್ಲೂ ಕೆ.ಜಿ. ಲೆಕ್ಕ ಹಿಡಿದರೆ ಆಳಿಗೆ ಏನೂ ಗಿಟ್ಟುವುದಿಲ್ಲ. ಆಗ ದಿನಗೂಲಿಗೆ ಬದಲಾಯಿಸುವುದು ವಾಡಿಕೆಯೂ ಹೌದು, ಕ್ಷೇಮವೂ ಹೌದು. ಕನಿಷ್ಠ ಕೂಲಿಯ ಅಧಿಸೂಚನೆ ತೋಟಕ್ಕೆ ಬೇರೆ, ಕೃಷಿಗೆ ಬೇರೆ. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹೋದ ವರ್ಷದ ಅಂಕಿಯನ್ನು ನಂಬಿ ಕೂರಬಾರದು. ಒಂದೇ ಬಗೆಯ ಕೆಲಸಕ್ಕೆ ಗಂಡಾಳಿಗೊಂದು ಹೆಣ್ಣಾಳಿಗೊಂದು ದರ ಕೊಡುವುದು 1976ರಿಂದಲೂ ನಿಷಿದ್ಧ, ಹೊಸ ಸಂಹಿತೆಯಲ್ಲೂ ನಿಷಿದ್ಧ.

ಇನ್ನು ಮುಂಗಡ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಒಳ್ಳೆಯವರೂ ಇಲ್ಲಿಯೇ ಎಡವುತ್ತಾರೆ. ಆಳು ಬರಲಿ ಎಂದು ದೀಪಾವಳಿಯ ಹೊತ್ತಿಗೆ ಹಣ ಕೊಡುತ್ತೇವೆ, ಮದುವೆಗೆ ಕೊಡುತ್ತೇವೆ, ಕಾಯಿಲೆಗೆ ಕೊಡುತ್ತೇವೆ. ಕೊಟ್ಟದ್ದು ನಿಜ, ವಾಪಸು ಬರಬೇಕಾದ್ದೂ ನಿಜ. ಆದರೆ ಬಟವಾಡೆಯ ದಿನ ಕೂಲಿಯನ್ನೆಲ್ಲ ಮುಂಗಡಕ್ಕೆ ಮುರಿದುಕೊಂಡು ಬರಿಗೈಯಲ್ಲಿ ಕಳುಹಿಸುವಂತಿಲ್ಲ. ಎಲ್ಲ ಬಾಬ್ತಿನ ಕಡಿತವೂ ಸೇರಿ ಕೂಲಿಯ ಅರ್ಧವನ್ನು ಮೀರಬಾರದು. ವಾರಕ್ಕೆ 3,000 ರೂಪಾಯಿ ದುಡಿದವನಿಗೆ ಕನಿಷ್ಠ 1,500 ಕೈಗೆ ಬರಬೇಕು, ಮುಂಗಡ ಎಷ್ಟೇ ಇರಲಿ. ಮತ್ತು ಕೆಲಸಕ್ಕೆ ಸೇರುವ ಮುನ್ನ ಪ್ರಯಾಣದ ಖರ್ಚಿಗೆಂದು ಕೊಟ್ಟ ಮುಂಗಡವನ್ನು ಮುರಿದುಕೊಳ್ಳುವಂತೆಯೇ ಇಲ್ಲ. ಇದು 1936ರ ಕಾಯಿದೆಯಲ್ಲಿಯೂ ಇದ್ದ ಮಾತು. ಅಸ್ಸಾಮಿನಿಂದಲೋ ಬಯಲುಸೀಮೆಯಿಂದಲೋ ಆಳು ಕರೆಸುವವರು ರೈಲು ಬಸ್ಸಿನ ಖರ್ಚನ್ನು ತೋಟದ ಖರ್ಚಿಗೇ ಬರೆದುಕೊಳ್ಳಬೇಕು.

ಅದಕ್ಕಿಂತ ಮುಖ್ಯವಾದದ್ದು, "ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ" ಎಂದು ಹೇಳಿದ ಕ್ಷಣಕ್ಕೆ ವಿಷಯ ಕೂಲಿಯ ಲೆಕ್ಕವಾಗಿ ಉಳಿಯುವುದಿಲ್ಲ. ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ಬಾಗಿಲು. ಅಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ಆಧಾರ್ ಕಾರ್ಡು ತೆಗೆದಿಟ್ಟುಕೊಳ್ಳುವುದು, ಲೈನ್ ಮನೆಗೆ ಬೀಗ ಹಾಕುವುದು, ಪಾತ್ರೆ ಪಡಗ ಹಿಡಿದಿಡುವುದು, ಇವೆಲ್ಲ ಹಾಗೆಯೇ ಸಿಕ್ಕಿಹಾಕಿಕೊಳ್ಳುವ ದಾರಿಗಳು. 1982ರಲ್ಲಿ, ದೆಹಲಿಯ ಏಷ್ಯಾಡ್ ಕ್ರೀಡಾಂಗಣಗಳ ಕೆಲಸಗಾರರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಬಾಕಿ ಮುಂಗಡವನ್ನು ಮನ್ನಾ ಮಾಡಿ ಎಂದು ನಾನು ಹೇಳುತ್ತಿಲ್ಲ. ಬರೆದು ರುಜು ಪಡೆಯಿರಿ, ಮಿತಿಯೊಳಗೆ ಮುರಿದುಕೊಳ್ಳಿ, ಉಳಿದದ್ದನ್ನು ಸಾಲದಂತೆ ಕೇಳಿ. ಆಳನ್ನು ಒತ್ತೆಯಿಟ್ಟುಕೊಳ್ಳಬೇಡಿ.

ಮೇಸ್ತ್ರಿಯ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ಇಪ್ಪತ್ತು ಆಳಿನ ಕೂಲಿಯನ್ನು ಅವನ ಕೈಗೆ ಕೊಟ್ಟೆವು, ಅವನು ರಾತ್ರಿ ಬಸ್ಸು ಹತ್ತಿದ. ಹಣ ನಾವು ಕೊಟ್ಟಾಗಿದೆ ಎನ್ನುವ ಉತ್ತರ ನಡೆಯುವುದಿಲ್ಲ. ಕೂಲಿ ಕೊಡಬೇಕಾದವನು ಕೊಡದಿದ್ದರೆ ತೋಟದ ಮಾಲೀಕನೇ ಹೊಣೆ, ಎರಡನೆಯ ಸಲ ಕೊಡಬೇಕಾಗಿ ಬರುತ್ತದೆ. ಮೇಸ್ತ್ರಿಯ ಕಮಿಷನ್ನು ಅವನ ಕೈಗೆ, ಆಳಿನ ಕೂಲಿ ಆಳಿನ ಕೈಗೆ ಅಥವಾ ಬ್ಯಾಂಕ್ ಖಾತೆಗೆ. ಹೆಂಡತಿಯ ಕೂಲಿಯನ್ನು ಗಂಡನ ಕೈಗೆ ಕೊಡುವ ರೂಢಿಯನ್ನೂ ಇದರೊಂದಿಗೇ ಬಿಡಬಹುದು.

ಇಷ್ಟೆಲ್ಲ ಇದ್ದೂ ತಕರಾರು ಬಂದೇಬಿಟ್ಟಿತು ಎನ್ನೋಣ. ಒಂದು ಉದಾಹರಣೆಯಿಂದ ಹೇಳುವುದು ಸುಲಭ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ದಿನಕ್ಕೆ 500 ರೂಪಾಯಿ ಹಿಡಿದಿದ್ದೇನೆ. ಹೊರ ಊರಿನಿಂದ ಬಂದ ಹೆಣ್ಣಾಳು, ಒಂದು ತಿಂಗಳ ದುಡಿಮೆ.

"ನಂದು ಇಪ್ಪತ್ತಾರು ದಿನ ಆಯ್ತು, ಸಾವ್ಕಾರ್ರೆ."

"ಪುಸ್ತಕದಲ್ಲಿ ಇಪ್ಪತ್ತಮೂರೂವರೆ ಇದೆ ಕಣಮ್ಮ. ಐದು ಸಾವಿರ ಅಡ್ವಾನ್ಸು ಬೇರೆ ಇದೆ."

ಮಾಲೀಕರ ಲೆಕ್ಕ: 23½ ದಿನಕ್ಕೆ 11,750, ಅದರಲ್ಲಿ ಮುಂಗಡ 5,000 ಹೋದರೆ 6,750. ಅವಳ ಲೆಕ್ಕ: 26 ದಿನಕ್ಕೆ 13,000, ಮುಂಗಡದಲ್ಲಿ 2,000 ಬರುವ ದಾರಿಖರ್ಚಿಗೆ ಕೊಟ್ಟದ್ದಾದ್ದರಿಂದ 3,000 ಮಾತ್ರ ವಜಾ, ಬರಬೇಕಾದ್ದು 10,000. ಇಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಲೆಕ್ಕ ಇತ್ಯರ್ಥವಾಗುವವರೆಗೆ ಒಂದು ಕಾಸನ್ನೂ ಬಿಚ್ಚುವುದಿಲ್ಲ. 6,750 ಕೊಡಬೇಕೆಂಬುದನ್ನು ಇಬ್ಬರೂ ಒಪ್ಪಿದ್ದಾರೆ. ಅದನ್ನು ಆ ಹೊತ್ತಿಗೇ ಕೊಟ್ಟು, "ಇಷ್ಟು ಸಂದಿದೆ, ಉಳಿದ 3,250 ತಕರಾರಿನಲ್ಲಿದೆ" ಎಂದು ಬರೆದು ರುಜು ತೆಗೆದುಕೊಳ್ಳಬೇಕು. ಒಪ್ಪಿದ್ದನ್ನು ಹಿಡಿದಿಟ್ಟು ಒಪ್ಪದ್ದಕ್ಕೆ ಬಗ್ಗಿಸುವ ಉಪಾಯ ಯಾವ ಅಧಿಕಾರಿಯ ಎದುರಿಗೂ ಚೆನ್ನಾಗಿ ಕಾಣುವುದಿಲ್ಲ. ಹಣ ಕೈಗೆ ಬಂದವಳು ಉಳಿದ ಲೆಕ್ಕವನ್ನು ಸಮಾಧಾನದಿಂದ ಕೂತು ಕೇಳುತ್ತಾಳೆ ಎಂಬುದೂ ಅನುಭವದ ಮಾತು.

ಈಗ 3,250ನ್ನು ಬಿಡಿಸೋಣ. ದಾರಿಖರ್ಚಿನ 2,000 ಕಾನೂನಿನಂತೆ ಮುರಿದುಕೊಳ್ಳುವಂತಿಲ್ಲ, ಅದು ಅವಳದು. ಉಳಿದದ್ದು ಎರಡೂವರೆ ದಿನ, 1,250. ಪುಸ್ತಕ ಬಿಚ್ಚಿ ತಾರೀಕು ತಾರೀಕಾಗಿ ಓದಬೇಕು. ಒಟ್ಟು ಮೊತ್ತವನ್ನು ಹಿಡಿದು ಎಳೆದಾಡಿದರೆ ದಿನವಿಡೀ ಮುಗಿಯುವುದಿಲ್ಲ. ಓದುವಾಗ ಮೂರು ಮಳೆ ದಿನಗಳನ್ನು ಅರ್ಧ ಬರೆದದ್ದು ಕಾಣುತ್ತದೆ. ಅವಳಾಗಿ ಹೋದಳೊ, ಮೇಸ್ತ್ರಿ ಕಳುಹಿಸಿದನೊ? ಕಳುಹಿಸಿದ್ದಾದರೆ 750 ಕೊಡತಕ್ಕದ್ದು. ಕೊನೆಗೆ ಉಳಿಯುವುದು ಒಂದು ಭಾನುವಾರ, 500 ರೂಪಾಯಿ. ಅವತ್ತು ಜೊತೆಯಲ್ಲಿ ಯಾರು ಕೊಯ್ದರು, ಎಷ್ಟು ಚೀಲ ಬಂತು, ಕಣದಲ್ಲಿ ಹರಡಿದವರು ಯಾರು ಎಂದು ಇಬ್ಬರು ಮೂವರನ್ನು ಕೇಳಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ತಿಳಿಯದಿದ್ದರೆ, ಪುಸ್ತಕ ಬರೆಯುವ ಹೊಣೆ ನಮ್ಮದಾದ್ದರಿಂದ, ಸಂಶಯದ ದಿನವನ್ನು ಆಳಿಗೆ ಬಿಡಬೇಕೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸದಸ್ಯರಿದ್ದಾರೆ, ಇರಲಿ.

ಮಾತುಕತೆಗೆ ಬಟವಾಡೆಯ ಸಂಜೆಯ ಗದ್ದಲ ಒಳ್ಳೆಯ ಹೊತ್ತಲ್ಲ, ಕುಡಿದು ಬಂದವರಿದ್ದರಂತೂ ಬೇಡವೇ ಬೇಡ. ಮರುದಿನ ಬೆಳಿಗ್ಗೆ, ಆಳಿನ ಕಡೆಯವರೊಬ್ಬರು, ಇಬ್ಬರಿಗೂ ಬೇಕಾದ ಇನ್ನೊಬ್ಬರು, ಪುಸ್ತಕ ಬರೆದ ರೈಟರು ಅಥವಾ ಮಗ, ಇಷ್ಟು ಜನ ಸಾಕು. ಕನ್ನಡ ಬಾರದ ಆಳಾದರೆ ಅವರ ಭಾಷೆ ಬಲ್ಲವರನ್ನು ಕರೆಯಲೇಬೇಕು, ಆದರೆ ಮೇಸ್ತ್ರಿಯೇ ಒಂದು ಪಕ್ಷವಾಗಿರುವಾಗ ಅವನನ್ನೇ ದುಭಾಷಿ ಮಾಡಬಾರದು. ಇತ್ಯರ್ಥವಾದ ಮೇಲೆ ಒಂದು ಕಾಗದ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ದಿನ, ದರ, ಮುಂಗಡ, ಕೊಟ್ಟದ್ದು. "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಒಂದೇ ಸಾಲಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಬೆಲೆಯಿಲ್ಲ. ಅಂಕಿಗಳಿರಬೇಕು, ಒಂದು ಪ್ರತಿ ಆಳಿನ ಕೈಯಲ್ಲಿರಬೇಕು.

ಅಷ್ಟಕ್ಕೂ ಬಗೆಹರಿಯದಿದ್ದರೆ ಆಳು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುತ್ತಾನೆ. ಹೋಗಲಿ. ಅದು ಅವಮಾನದ ವಿಷಯವಲ್ಲ, ಮೂರನೆಯವರ ಎದುರು ಪುಸ್ತಕ ಬಿಚ್ಚುವುದಷ್ಟೆ. ನಿರೀಕ್ಷಕರು ಕರೆದ ದಿನ ತಪ್ಪಿಸಿಕೊಳ್ಳದೆ ಪುಸ್ತಕ, ಚೀಟಿ, ಬ್ಯಾಂಕಿನ ಪಾಸ್‌ಬುಕ್ಕುಗಳೊಂದಿಗೆ ಹೋಗಬೇಕು. ಅನೇಕ ತಕರಾರುಗಳು ಅಲ್ಲಿಯೇ ಮುಗಿಯುತ್ತವೆ. ಮುಗಿಯದವು, ಕೂಲಿ ಬಾಕಿಯ ಅರ್ಜಿ ತೀರ್ಮಾನಿಸಲು ಸರ್ಕಾರ ನೇಮಿಸುವ ಗೆಜೆಟೆಡ್ ದರ್ಜೆಯ ಪ್ರಾಧಿಕಾರಿಯ ಎದುರು ಹೋಗುತ್ತವೆ. ಹಿಂದೆ ಕನಿಷ್ಠ ಕೂಲಿಯ ಅರ್ಜಿಗೆ ಆರು ತಿಂಗಳು, ವೇತನ ಪಾವತಿಯ ಅರ್ಜಿಗೆ ಒಂದು ವರ್ಷ ಅವಧಿಯಿತ್ತು. ಈಗ ಮೂರು ವರ್ಷ. ಅಂದರೆ ಹೋದ ವರ್ಷದ ಹಾಜರಿ ಪುಸ್ತಕವನ್ನು ಒಲೆಗೆ ಹಾಕುವ ಕಾಲ ಹೋಯಿತು. ಪ್ರಾಧಿಕಾರಿ ಬಾಕಿಯನ್ನು ಕೊಡಿಸುವುದಲ್ಲದೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ವಿಧಿಸಬಹುದು. ಮೇಲಿನ ಉದಾಹರಣೆಯ 500 ರೂಪಾಯಿಗೆ ಜಿದ್ದು ಹಿಡಿದವರು ಇದನ್ನು ನೆನೆಯಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಕಡಿಮೆ ಕೂಲಿ ಕೊಟ್ಟದ್ದಕ್ಕೆ ಬೇರೆಯಾಗಿ 50,000 ರೂಪಾಯಿಯವರೆಗೆ ದಂಡವೂ ಇದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 90 ದಿನ.

ಇದರ ನಡುವೆ ಒಂದು ಸುಲಭದ ದಾರಿಯಿದೆ, ನಮ್ಮಲ್ಲಿ ಬಳಸುವವರು ಕಡಿಮೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಉಚಿತ ನೆರವು. ನಮ್ಮ ಆಳುಗಳಲ್ಲಿ ಹೆಚ್ಚಿನವರು ಇದರಲ್ಲಿ ಬರುತ್ತಾರೆ. ಮೊಕದ್ದಮೆ ಹೂಡುವ ಮುನ್ನವೇ ಲೋಕ ಅದಾಲತ್ತಿನಲ್ಲಿ ಎರಡೂ ಕಡೆ ಒಪ್ಪಿ ರಾಜಿಯಾದರೆ ಅದಕ್ಕೆ ಕೋರ್ಟಿನ ತೀರ್ಪಿನ ಬೆಲೆ, ಮೇಲ್ಮನವಿಯ ತಾಪತ್ರಯವಿಲ್ಲ. ಮಾಲೀಕರೂ ಅಲ್ಲಿಗೆ ಅರ್ಜಿ ಕೊಡಬಹುದು. ಆಳೇ ಕೊಡಲಿ ಎಂದು ಕಾಯಬೇಕಾಗಿಲ್ಲ.

ಹಾಜರಿ ಪುಸ್ತಕದಲ್ಲಿ ಯಾವ ಯಾವ ಕಲಂ ಇರಬೇಕೆಂಬ ಮಾದರಿ ಪುಟವನ್ನು ಸಂಘದ ಕಚೇರಿಯ ಫಲಕದಲ್ಲಿ ಅಂಟಿಸಿದ್ದೇವೆ. ಮುಂದಿನ ಕೊಯ್ಲಿಗೆ ಆಳು ಕರೆಸುವವರು ಮುಂಗಡದ ಪುಟಕ್ಕೆ ದಾರಿಖರ್ಚಿನ ಕಲಂ ಒಂದನ್ನು ಬೇರೆಯಾಗಿ ಗೆರೆ ಎಳೆದುಕೊಳ್ಳಲಿ. ಈಗ ಬಾಕಿ ಇಟ್ಟುಕೊಂಡಿರುವವರು, ಆಳು ಊರಿಗೆ ಹೋಗಿದ್ದರೂ ಸರಿ, ಅವರ ಬ್ಯಾಂಕ್ ಖಾತೆಯ ನಂಬರು ಕೇಳಿ ತರಿಸಿಕೊಂಡು ಈ ತಿಂಗಳೊಳಗೆ ಜಮಾ ಮಾಡಿ, ಜಮಾ ಆದ ಚೀಟಿಯನ್ನು ಪುಸ್ತಕದ ಅದೇ ಪುಟಕ್ಕೆ ಪಿನ್ ಹಾಕಿಡಿ.